ಸರಪಳಿ ಇಲ್ಲದ ಮೊದಲ ಸಾಲು

ಕ್ರೋಶಾ ಕಲಿಯಲು ಕುಳಿತ ಹುಡುಗಿಗೆ ಮೊದಲ ದಿನದ ಪಾಠ ಎಲ್ಲೆಡೆ ಒಂದೇ: ಸರಪಳಿ. ಜಾರುಗಂಟು ಹಾಕು, ಕಡ್ಡಿಗೆ ದಾರ ಸುತ್ತು, ಕುಣಿಕೆಯೊಳಗಿಂದ ಎಳೆ, ಮತ್ತೆ ಸುತ್ತು, ಮತ್ತೆ ಎಳೆ. ಸರಪಳಿ ಗೇಣುದ್ದ ಬೆಳೆಯುತ್ತದೆ, ನೋಡನೋಡುತ್ತ ಮೊಳದುದ್ದವಾಗುತ್ತದೆ. ಅಲ್ಲಿಯವರೆಗೆ ಎಲ್ಲವೂ ಸಲೀಸು. ತಾಪತ್ರಯ ಶುರುವಾಗುವುದು ಆ ಸರಪಳಿಯ ಮೇಲೆ ಮೊದಲ ಸಾಲು ಹೆಣೆಯುವಾಗ. ಸರಪಳಿ ಬಿಗಿಯಾಗಿದ್ದರೆ ಕಡ್ಡಿ ಒಳಗೆ ಹೋಗುವುದಿಲ್ಲ, ಸಡಿಲವಾಗಿದ್ದರೆ ಅಂಚು ಜೋಲುತ್ತದೆ. ಕೈಯಲ್ಲಿ ತಿರುಚಿಕೊಂಡರೆ ಯಾವುದು ಮೇಲು, ಯಾವುದು ಕೆಳಗು ಎಂದು ಗೊತ್ತಾಗುವುದಿಲ್ಲ. ಕ್ರೋಶಾ ತಮ್ಮ ಕೈಗೆ ಒಗ್ಗುವುದಿಲ್ಲ ಎಂದು ಕಡ್ಡಿ ಕೆಳಗಿಟ್ಟ ಎಷ್ಟೋ ಮಂದಿ ಸೋತಿರುವುದು ಈ ಒಂದು ಸಾಲಿನಲ್ಲಿ.

ಈ ಸಾಲನ್ನು ಹಿಡಿಯಲು ಇನ್ನೊಂದು ದಾರಿ ಇದೆ. ಸರಪಳಿಯನ್ನೂ ಅದರ ಮೇಲಿನ ಹೊಲಿಗೆಯನ್ನೂ ಒಟ್ಟಿಗೇ ಹೆಣೆದುಕೊಂಡು ಹೋಗುವುದು. ಇಂಗ್ಲಿಷ್ ವಿನ್ಯಾಸ ಪುಸ್ತಕಗಳಲ್ಲಿ ಇದಕ್ಕೆ ಫೌಂಡೇಶನ್ ಸಿಂಗಲ್ ಕ್ರೋಶಾ ಎಂಬ ಹೆಸರು. ಮಲಪ್ರಭೆಯ ದಂಡೆಯ ಹೊಳೆಮಣ್ಣೂರ, ಅದರ ಸುತ್ತಲಿನ ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಹೆಣ್ಣುಮಕ್ಕಳಿಗೆ ಈ ಕ್ರಮ ಹೇಳಿಕೊಟ್ಟರೆ ಬಲು ಬೇಗ ಒಗ್ಗೀತು. ಏಕೆಂದರೆ ಅಂಚಿನ ವಿಷಯದಲ್ಲಿ ಈ ನೆಲದ ಕೈಗಳು ಮೊದಲಿನಿಂದಲೂ ಪಳಗಿದವು.

ಹತ್ತಿರದ ಇಳಕಲ್ ಸೀರೆಯನ್ನೇ ನೋಡಬಹುದು. ಅದರ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿದ ಮೇಲೆಯೇ ಸೆರಗಿನ ನೇಯ್ಗೆ ಮುಂದುವರಿಯುತ್ತದೆ. ಅಷ್ಟು ಸಾವಧಾನದ ಕೆಲಸವನ್ನು ಮನೆಮಂದಿಯೆಲ್ಲ ಕೂತು ಮಾಡುತ್ತಾರೆ. ಗಜೇಂದ್ರಗಡದ ಹೆಸರಿನೊಂದಿಗೇ ಬಂದಿರುವ ಪಟ್ಟೇದಂಚು ಸೀರೆಯ ಗುರುತೇ ಅದರ ಅಗಲವಾದ ಅಂಚು. ಧಾರವಾಡ ಸೀಮೆಯ ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕುವಂತಿಲ್ಲ. ಅದರ ಹಲವು ಹೊಲಿಗೆಗಳಲ್ಲಿ ಹೋದ ದಾರಿಯಲ್ಲೇ ಸೂಜಿ ವಾಪಸು ಬರಬೇಕು, ಹಿಂದೆ ಮುಂದೆ ಎರಡೂ ಬದಿ ಒಂದೇ ತೆರನಾಗಿ ಕಾಣಬೇಕು. ಎಲ್ಲಿ ಶುರು ಮಾಡಬೇಕು, ಹೇಗೆ ಶುರು ಮಾಡಬೇಕು ಎಂಬುದನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಕಸುಬುಗಳ ನಡುವೆ ಕ್ರೋಶಾದ ಮೊದಲ ಸಾಲು ಮಾತ್ರ ಹೇಗೋ ಆದರೆ ಸಾಕು ಎನ್ನುವಂತಾಗಿರುವುದು ಸರಿಯಲ್ಲ.

ಕ್ರೋಶಾ ನಮ್ಮ ಕಡೆ ಹೊರಗಿನಿಂದ ಬಂದ ವಿದ್ಯೆ. ಐರ್ಲೆಂಡಿನಲ್ಲಿ 1840ರ ದಶಕದ ಕೊನೆಯ ಭೀಕರ ಬರಗಾಲದಲ್ಲಿ ಬಡ ಕುಟುಂಬಗಳ ಹೊಟ್ಟೆ ಹೊರೆದ ಕೆಲಸಗಳಲ್ಲಿ ಕ್ರೋಶಾ ಲೇಸೂ ಒಂದು. ಆಂಧ್ರದ ಗೋದಾವರಿ ತೀರದ ನರಸಾಪುರಕ್ಕೆ ಕ್ರೋಶಾ ಲೇಸನ್ನು ತಂದವರು ಸ್ಕಾಟ್ಲೆಂಡಿನ ಮೆಕ್ರೇ ಎಂಬ ಮಿಶನರಿ ದಂಪತಿ, ಆ ಬರಗಾಲಕ್ಕೂ ಮುಂಚೆ, 1844ರ ಸುಮಾರಿಗೆ ಎನ್ನುತ್ತಾರೆ. ಇವತ್ತು ನರಸಾಪುರದ ಕ್ರೋಶಾ ಲೇಸಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಅಲ್ಲಿನ ಹೆಂಗಸರ ಬಗ್ಗೆ ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ 1982ರಲ್ಲಿ ಒಂದು ಪುಸ್ತಕ ಬರೆದರು. ದಿನಕ್ಕೆ ಗಂಟೆಗಟ್ಟಲೆ ಲೇಸು ಹೆಣೆದು ದೂರದ ದೇಶಗಳ ಮಾರುಕಟ್ಟೆಗೆ ಸರಕು ಒದಗಿಸುವವರನ್ನು ಬಿಡುವಿನ ವೇಳೆಯ ಗೃಹಿಣಿಯರು ಎಂದೇ ಲೆಕ್ಕ ಹಾಕಲಾಗುತ್ತದೆ, ಹಾಗಾಗಿಯೇ ಕೂಲಿ ಅಷ್ಟು ಕಡಿಮೆ ಎಂಬುದು ಅವರ ವಾದ. ಆ ಮಾತು ಕ್ರೋಶಾ ಕೆಲಸಕ್ಕೆ ಇಂದಿಗೂ ಸಲ್ಲುತ್ತದೆ. ಸ್ವೆಟರ್ ಹೆಣೆಯುವ ಯಂತ್ರ ಪೇಟೆಯಲ್ಲಿದೆ. ಆದರೆ ಮಾರುಕಟ್ಟೆಗೆ ಬರುವ ನಿಜವಾದ ಕ್ರೋಶಾ ಇಂದಿಗೂ ಒಬ್ಬರ ಕೈಯಲ್ಲಿ, ಒಂದೊಂದೇ ಕುಣಿಕೆಯಾಗಿ ಆದದ್ದು. ಬಿಚ್ಚಿ ಮತ್ತೆ ಹೆಣೆದ ಸಾಲಿಗೆ ಯಾರೂ ಕಾಸು ಕೊಡುವುದಿಲ್ಲ.

ಉತ್ತರ ಕರ್ನಾಟಕದ ಮನೆಗಳಲ್ಲಿ ಕ್ರೋಶಾ ಹೆಚ್ಚಾಗಿ ಕಾಣುವುದು ಬಾಗಿಲಿನ ಮೇಲೆ, ಉಲ್ಲನ್ ತೋರಣವಾಗಿ. ದೇವರ ಜಗಲಿಗೆ ಒಂದು, ತಲೆಬಾಗಿಲಿಗೆ ಒಂದು. ಕೂಸಿನ ಕುಲಾವಿ, ತಾಟಿನ ಮೇಲೆ ಮುಚ್ಚುವ ರುಮಾಲು, ಟಿ.ವಿ. ಮೇಲಿನ ಹೊದಿಕೆ ಆಮೇಲಿನವು. ಒಂದು ತೋರಣದ ಲೆಕ್ಕ ಹಾಕಿದರೆ ಮೊದಲ ಸಾಲಿನ ಕಷ್ಟ ತಿಳಿಯುತ್ತದೆ. ಹದಿನೈದು ಕಮಾನು, ಕಮಾನಿಗೆ 8 ಹೊಲಿಗೆ, ಒಟ್ಟು 120. ಹಳೆಯ ಕ್ರಮದಲ್ಲಿ 121 ಸರಪಳಿ ಹೆಣೆದು, ಕೊನೆಯದನ್ನು ಬಿಟ್ಟು ತಿರುಗಿ ಬರಬೇಕು. ನಡುವೆ ಯಾರಾದರೂ ಮಾತಾಡಿಸಿ ಎಣಿಕೆ ತಪ್ಪಿದರೆ ಅದು ಗೊತ್ತಾಗುವುದು ಸಾಲಿನ ಆ ತುದಿ ತಲುಪಿದ ಮೇಲೆ. ಸರಪಳಿ ಹೆಚ್ಚಾಗಿದ್ದರೆ ಜಾರುಗಂಟಿನ ಕಡೆಯಿಂದ ನಿಧಾನವಾಗಿ ಬಿಡಿಸಬಹುದು. ಕಡಿಮೆಯಾಗಿದ್ದರೆ ಬೇರೆ ದಾರ ಕಟ್ಟಿ ಸೇರಿಸಬೇಕು, ಇಲ್ಲವೇ ಪೂರ್ತಿ ಬಿಚ್ಚಬೇಕು. ಇನ್ನೊಂದು ಸಂಕಟವೂ ಇದೆ: ಬಾಗಿಲಿಗೆ ಹಿಡಿದು ಅಳೆದ ಬರಿಯ ಸರಪಳಿಯ ಉದ್ದಕ್ಕೂ ಅದರ ಮೇಲೆ ಹೊಲಿಗೆ ಬಂದಾಗಿನ ಉದ್ದಕ್ಕೂ ತಾಳೆಯಾಗುವುದಿಲ್ಲ.

ಹೊಸ ಕ್ರಮದಲ್ಲಿ ಸರಪಳಿ ಬೇಕಾದದ್ದು ಎರಡೇ. ಜಾರುಗಂಟು ಹಾಕಿ ಆ ಎರಡನ್ನು ಹೆಣೆದುಕೊಂಡು, ಕಡ್ಡಿಯಿಂದ ಎರಡನೆಯದಕ್ಕೆ, ಅಂದರೆ ಮೊದಲು ಹೆಣೆದದ್ದಕ್ಕೆ, ಕಡ್ಡಿ ತೂರಿಸಿ ದಾರ ಎಳೆದುಕೊಳ್ಳಬೇಕು. ಈಗ ಕಡ್ಡಿಯ ಮೇಲೆ ಎರಡು ಕುಣಿಕೆ. ದಾರ ಸುತ್ತಿ, ತುದಿಯ ಒಂದೇ ಕುಣಿಕೆಯಿಂದ ಹೊರಗೆಳೆದರೆ ಹೊಲಿಗೆಯ ಬುಡದ ಸರಪಳಿ ತಯಾರು. ಇನ್ನೊಮ್ಮೆ ದಾರ ಸುತ್ತಿ, ಈ ಸಲ ಎರಡೂ ಕುಣಿಕೆಗಳಿಂದ ಎಳೆದರೆ ಮೇಲಿನ ಹೊಲಿಗೆ ಮುಗಿಯಿತು. ಮುಂದಿನ ಹೊಲಿಗೆಗೆ ಕಡ್ಡಿ ಹೋಗಬೇಕಾದ ಜಾಗ ಇದೀಗ ಆದ ಆ ಬುಡದ ಸರಪಳಿ, ಅದರ ಎರಡೂ ಎಳೆಗಳ ಕೆಳಗೆ. ಕಲಿಯುವವರು ಎಡವುವುದು ಇಲ್ಲೇ, ಏಕೆಂದರೆ ಬುಡದ ಸರಪಳಿ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಅದು ಆದ ತಕ್ಷಣ ಎಡಗೈಯ ಹೆಬ್ಬೆರಳು ಮತ್ತು ನಡುಬೆರಳಿನಲ್ಲಿ ಚಿವುಟಿ ಹಿಡಿದುಕೊಂಡರೆ ಜಾಗ ತಪ್ಪುವುದಿಲ್ಲ. ಹಾಗೆ ಹಿಡಿಯುವುದರಿಂದ ಕುಣಿಕೆ ಸಡಿಲವಾಗುವುದೂ ತಪ್ಪುತ್ತದೆ.

ಮೊದಲ ನಾಲ್ಕೈದು ಹೊಲಿಗೆ ಸೊಟ್ಟಗೆ ಬರುತ್ತವೆ. ಆಮೇಲೆ ಕೈ ಕೂಡುತ್ತದೆ.

ಈಗ ತೋರಣದ ಲೆಕ್ಕ ಬೇರೆಯೇ ಆಯಿತು. 120 ಹೊಲಿಗೆ ಬೇಕೆಂದರೆ 120 ಹೆಣೆದರೆ ಸಾಕು. ಸರಪಳಿಯೂ ಮೊದಲ ಸಾಲೂ ಒಂದೇ ಬಾರಿಗೆ ಮುಗಿದಿರುತ್ತವೆ. ವಿನ್ಯಾಸದಲ್ಲಿ ಬರೆದ ಮೊದಲ ಸಾಲನ್ನು ಬಿಟ್ಟು ನೇರ ಎರಡನೆಯದಕ್ಕೆ ಹೋಗಬೇಕು ಎಂಬುದನ್ನು ಮಾತ್ರ ನೆನಪಿಡಬೇಕು. ಪಟ್ಟಿ ಬಾಗಿಲ ಚೌಕಟ್ಟಿಗೆ ಹಿಡಿದು ನೋಡುವಷ್ಟು ಗಟ್ಟಿಯಾಗಿರುತ್ತದೆ. ಎಂಟು ಹೊಲಿಗೆ ಕಡಿಮೆ ಬಿತ್ತೆಂದರೆ ಅಲ್ಲಿಂದಲೇ ಎಂಟು ಮುಂದುವರಿಸಿದರಾಯಿತು. ಎಲ್ಲಕ್ಕಿಂತ ದೊಡ್ಡ ಲಾಭ ಕಾಣುವುದು ಕುಲಾವಿ ಮತ್ತು ಸ್ವೆಟರಿನಲ್ಲಿ. ಬರಿಯ ಸರಪಳಿಯ ಅಂಚು ಎಳೆದರೆ ಹಿಗ್ಗುವುದಿಲ್ಲ. ಕೂಸಿನ ಹಣೆಗೆ, ಕೊರಳಿಗೆ ಒತ್ತುತ್ತದೆ. ಜೊತೆಯಲ್ಲೇ ಹೆಣೆದ ಅಂಚು ಬಟ್ಟೆಯಷ್ಟೇ ಹಿಗ್ಗುತ್ತದೆ.

ಈ ಕ್ರಮ ಎಲ್ಲದಕ್ಕೂ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಜಾಲರಿಯಂತೆ ತೆಳ್ಳಗೆ ಹರಡುವ ಕೆಲಸಕ್ಕೆ ಹಳೆಯ ಸರಪಳಿಯೇ ಚಂದ. ದುಂಡಗಿನ ರುಮಾಲಿಗೆ ನಡುವಿನ ಉಂಗುರದಿಂದಲೇ ಶುರು ಮಾಡಬೇಕು. ಸಣ್ಣ ಹತ್ತಿ ದಾರದಲ್ಲಿ ಬುಡದ ಸರಪಳಿ ಹುಡುಕುವುದು ಕಣ್ಣಿಗೆ ಶಿಕ್ಷೆ. ಹತ್ತಿಯ ಮಾತು ಬಂದಾಗ ಮನಸ್ಸಿಗೆ ನೋವೂ ಆಗುತ್ತದೆ: ಜಯಧರ್ ಹತ್ತಿ ಬೆಳೆದು ಹೆಸರಾದ ಎರೆಭೂಮಿ ಇದು, ಆದರೂ ಕ್ರೋಶಾದ ದಾರದ ಉಂಡೆ ಇಲ್ಲಿನ ಅಂಗಡಿಗೆ ಹೊರಗಿನಿಂದಲೇ ಬರುತ್ತದೆ.

ಸೀರೆಗೆ ಕುಚ್ಚು ಕಟ್ಟುವವರಿಗೆ ಈ ಮಾತೆಲ್ಲ ಅರ್ಧ ಗೊತ್ತಿರುವುದೇ. ಕ್ರೋಶಾ ಕುಚ್ಚಿಗೆ ಯಾರೂ ಉದ್ದದ ಸರಪಳಿ ಹೆಣೆದು ಕೂರುವುದಿಲ್ಲ. ಸೆರಗಿನ ಅಂಚನ್ನು ಚುಚ್ಚಿ, ರೇಷ್ಮೆ ದಾರವನ್ನು ಮೇಲೆಳೆದು, ಅಲ್ಲಿಯೇ ಹೊಲಿಗೆ ಹಾಕಿ, ನಡುವೆ ಅಂತರಕ್ಕೆ ಎರಡು ಮೂರು ಸರಪಳಿ ಬಿಟ್ಟು ಮುಂದೆ ಹೋಗುತ್ತಾರೆ. ತಳಪಾಯವೂ ಮೊದಲ ಸಾಲೂ ಒಂದೇ ಕೈಯಲ್ಲಿ ಆಗುವ ಅಭ್ಯಾಸ ಅವರಿಗೆ ಆಗಲೇ ಇದೆ. ಬಟ್ಟೆಯ ಆಸರೆ ತೆಗೆದು ಅದನ್ನೇ ಬರಿಯ ದಾರದಲ್ಲಿ ಮಾಡಿದರೆ ಹೊಸ ಕ್ರಮವಾಯಿತು. ಕುಚ್ಚಿನ ಕೆಲಸ ಬಲ್ಲವರೇ ತಮ್ಮ ಓಣಿಯಲ್ಲಿ ಇದನ್ನು ಹೇಳಿಕೊಡಲು ತಕ್ಕವರು.

ಮೊಬೈಲಿನಲ್ಲಿ ನೋಡಿ ಕಲಿಯುವವರು ಒಂದು ಎಚ್ಚರ ವಹಿಸಬೇಕು. ಅಮೆರಿಕದವರ ಸಿಂಗಲ್ ಕ್ರೋಶಾ ಬ್ರಿಟಿಷ್ ಪುಸ್ತಕಗಳಲ್ಲಿ ಡಬಲ್ ಕ್ರೋಶಾ ಆಗಿರುತ್ತದೆ. ವಿನ್ಯಾಸ ಯಾವ ದೇಶದ್ದು ಎಂದು ಮೊದಲು ನೋಡಿಕೊಳ್ಳದಿದ್ದರೆ ಹೊಲಿಗೆಯ ಎತ್ತರವೇ ಬದಲಾಗುತ್ತದೆ.

ಸ್ವಸಹಾಯ ಸಂಘಗಳಲ್ಲಿ, ಹೊಲಿಗೆ ತರಬೇತಿಗಳಲ್ಲಿ ಕ್ರೋಶಾ ಕಲಿಸುವವರು ಸರಪಳಿಯ ಜೊತೆಗೆ ಈ ಸಾಲನ್ನೂ ಹೇಳಿಕೊಡಲಿ. ಖರ್ಚು ದೊಡ್ಡದಲ್ಲ: ತಿಳಿಬಣ್ಣದ ದಪ್ಪ ಉಲ್ಲನ್ನಿನ ಒಂದು ಉಂಡೆ, 4 ಅಥವಾ 5 ಮಿಲಿಮೀಟರಿನ ಒಂದು ಕಡ್ಡಿ. ಗಾಢ ಬಣ್ಣದಲ್ಲಿ ಕುಣಿಕೆ ಕಾಣುವುದಿಲ್ಲ, ಕಪ್ಪು ಉಲ್ಲನ್ ಅಂತೂ ಬೇಡ. ಮೊದಲು ಇಪ್ಪತ್ತು ಹೊಲಿಗೆಯ ಪಟ್ಟಿ ಹೆಣೆದು, ಬಿಚ್ಚಿ, ಅದೇ ದಾರದಲ್ಲಿ ಇನ್ನೊಮ್ಮೆ ಹೆಣೆಯಿರಿ. ಬಿಚ್ಚುವುದು ಮಾತ್ರ ಕೊನೆಯ ಹೊಲಿಗೆಯ ಕಡೆಯಿಂದ. ಶುರುವಿನ ಕಡೆಯಿಂದ ಎಳೆದರೆ ಈ ಸಾಲು ಬಿಚ್ಚಿಕೊಳ್ಳುವುದಿಲ್ಲ.