ಕೋವಿ ಈಡಾಗದಿದ್ದರೆ ಕಾರಣವೇನು, ಮಾಡಬೇಕಾದದ್ದೇನು?

ಭತ್ತ ಹಾಲು ತುಂಬುವ ಹೊತ್ತಿಗೆ ಮಲೆನಾಡಿನ ಗದ್ದೆಗಳಿಗೆ ಹಂದಿಗಳ ಕಾಟ ಪ್ರಾರಂಭವಾಗುತ್ತದೆ. ಬಾಳೆ, ಏಲಕ್ಕಿ, ಅಡಿಕೆ ತೋಟಗಳಲ್ಲಿ ಮಂಗಗಳ ಹಾವಳಿ ಇದ್ದದ್ದೇ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿ ಮನೆಯಲ್ಲಿರುತ್ತದೆ. ಆದರೆ ಬೇಕಾದ ಗಳಿಗೆಯಲ್ಲಿ ಬಿಲ್ಲು ಎಳೆದರೆ 'ಟಕ್' ಎಂಬ ಸದ್ದು ಮಾತ್ರ ಕೇಳುತ್ತದೆ, ಈಡಾಗುವುದಿಲ್ಲ. ಮರುದಿನ ಮಧ್ಯಾಹ್ನ ಅದೇ ಕೋವಿ ಸರಿಯಾಗಿ ಈಡಾಗುತ್ತದೆ. ಹಳ್ಳಿಗಳಲ್ಲಿ ತಿರುಗುವಾಗ ಈ ದೂರನ್ನು ನಾನು ಆಗಾಗ ಕೇಳುತ್ತಿರುತ್ತೇನೆ.

ರೈತ ಬಾಂಧವರೇ, ಒಂದು ಮಾತನ್ನು ಚೆನ್ನಾಗಿ ನೆನಪಿಡಿ. ಪೂರ್ತಿ ಕೆಟ್ಟ ಕೋವಿಗಿಂತ ಒಮ್ಮೆ ಈಡಾಗಿ ಒಮ್ಮೆ ಆಗದಿರುವ ಕೋವಿ ಹೆಚ್ಚು ಅಪಾಯಕಾರಿ. ಕೆಟ್ಟ ಕೋವಿಯನ್ನು ನಾವು ಮೂಲೆಗೆ ಇಡುತ್ತೇವೆ. ಇನ್ನೊಂದನ್ನು ಮಾತ್ರ 'ಏನಾಯಿತು ನೋಡೋಣ' ಎಂದು ಮುಖದ ಹತ್ತಿರ ಹಿಡಿಯುತ್ತೇವೆ. ಅನಾಹುತವಾಗುವುದು ಆಗಲೇ.

ಮೊದಲು ಕಾಯಿರಿ

ಕುದುರೆ ಬಿದ್ದರೂ ಈಡಾಗದಿದ್ದರೆ ಕೋವಿಯನ್ನು ಕೆಳಗಿಳಿಸಬೇಡಿ, ತಿರುಗಿಸಬೇಡಿ, ಕೂಡಲೇ ಮುರಿದು ತೆರೆಯಬೇಡಿ. ತೇವವಾದ ಮದ್ದಿಗೆ ಕಿಡಿ ತಾಗಿ ಕೆಲವು ಕ್ಷಣ ಕನಲುತ್ತಿದ್ದು, ಅನಂತರ ಹೊತ್ತಿಕೊಳ್ಳುವುದುಂಟು. ಆದ್ದರಿಂದ ನಳಿಗೆಯ ಬಾಯಿಯನ್ನು ಜನ, ದನ, ಮನೆಗಳಿಲ್ಲದ ಕಡೆಗೆ ಹಿಡಿದೇ ನಿಂತಿರಿ. ತೋಟಾ ಕೋವಿಯಾದರೆ ಕನಿಷ್ಠ 30 ಸೆಕೆಂಡು ಕಾಯಬೇಕು, 1 ನಿಮಿಷ ಕಾದರೆ ಇನ್ನೂ ಒಳ್ಳೆಯದು. ಕೇಪಿನ ಕೋವಿಯಾದರೆ 2 ನಿಮಿಷ ಕಾಯಿರಿ. ಅನಂತರ ಮುಖವನ್ನು ಪಕ್ಕಕ್ಕೆ ಸರಿಸಿಕೊಂಡು ತೋಟಾವನ್ನು ಹೊರತೆಗೆಯಿರಿ.

ಗಟ್ಟಿ ಸದ್ದಿನ ಬದಲು 'ಟುಸ್' ಎಂಬ ಸಣ್ಣ ಸದ್ದು ಬಂದರೆ ಇನ್ನೊಂದು ತೋಟಾ ಹಾಕಲೇಕೂಡದು. ಗುಂಡೋ ಬಿರಡೆಯೋ ನಳಿಗೆಯೊಳಗೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಮತ್ತೊಂದು ಈಡು ಹೊಡೆದರೆ ನಳಿಗೆಯೇ ಸಿಡಿಯುತ್ತದೆ. ಕೋವಿಯನ್ನು ಖಾಲಿ ಮಾಡಿ, ಹಿಂದಿನಿಂದ ನೋಡಿದಾಗ ನಳಿಗೆಯ ತುಂಬ ಬೆಳಕು ಕಾಣುವುದೇ ಎಂದು ಪರೀಕ್ಷಿಸಿರಿ.

ತೋಟಾದ ಬೆನ್ನು ನೋಡಿರಿ

ದೋಷ ಕೋವಿಯದೋ ತೋಟಾದ್ದೋ ಎಂಬುದನ್ನು ತಿಳಿಯಲು ಈಡಾಗದ ತೋಟಾವೇ ಸಾಕು. ಅದರ ಬೆನ್ನಿನ ನಡುವೆ ಇರುವ ಕೇಪನ್ನು ಬೆಳಕಿನಲ್ಲಿ ನೋಡಿರಿ. ಈಡಾದ ಹಳೆಯ ತೋಟಾ ಒಂದನ್ನು ಪಕ್ಕದಲ್ಲಿ ಇಟ್ಟು ಎರಡರ ಗುರುತನ್ನು ಹೋಲಿಸಿರಿ.

ಗುರುತೇ ಇಲ್ಲದಿದ್ದರೆ ಫೈರಿಂಗ್ ಪಿನ್ನು ಮುರಿದಿದೆ, ಇಲ್ಲವೇ ಸಿಕ್ಕಿಕೊಂಡಿದೆ. ಗುರುತು ತೆಳುವಾಗಿದ್ದರೆ ಪಿನ್ನು ಬಂದು ತಾಗಿದೆ, ಆದರೆ ಪೆಟ್ಟಿಗೆ ಬಲ ಸಾಲಲಿಲ್ಲ. ಸ್ಪ್ರಿಂಗ್ ಸೋತಿರಬಹುದು, ಪಿನ್ನಿನ ತುದಿ ಸವೆದಿರಬಹುದು, ಪಿನ್ನು ಓಡಾಡುವ ತೂತಿನಲ್ಲಿ ಜಿಡ್ಡು ಕಟ್ಟಿರಬಹುದು, ಇಲ್ಲವೇ ಕೋವಿ ಪೂರ್ತಿಯಾಗಿ ಮುಚ್ಚಿಕೊಂಡಿರಲಿಕ್ಕಿಲ್ಲ. ಗುರುತು ಆಳವಾಗಿ ಸರಿಯಾಗಿ ಬಿದ್ದಿದ್ದರೂ ಈಡಾಗದಿದ್ದರೆ ಕೋವಿಯನ್ನು ದೂರಬೇಡಿ, ದೋಷ ತೋಟಾದ್ದು.

ಒಂದೇ ತೋಟಾದಿಂದ ತೀರ್ಮಾನಕ್ಕೆ ಬರಬಾರದು. ಬೇರೆ ಬೇರೆ ಪೆಟ್ಟಿಗೆಯ ತೋಟಾಗಳಲ್ಲೂ ತೆಳು ಗುರುತೇ ಬೀಳುತ್ತಿದ್ದರೆ ಕೋವಿಯನ್ನು ಪರವಾನಗಿಯುಳ್ಳ ಕೋವಿ ರಿಪೇರಿಯವರಿಗೆ ತೋರಿಸಿರಿ. ಒಂದೇ ಪೆಟ್ಟಿಗೆಯ ತೋಟಾಗಳು ಮಾತ್ರ ಆಳ ಗುರುತು ಬಿದ್ದರೂ ಕೈಕೊಡುತ್ತಿದ್ದರೆ ಆ ಪೆಟ್ಟಿಗೆಯನ್ನೇ ಬಿಡಿರಿ.

ಕೊಬ್ಬರಿ ಎಣ್ಣೆ ಬೇಡ

ಬೆಳಗಿನ ಜಾವ ಕೈಕೊಟ್ಟು ಮಧ್ಯಾಹ್ನ ಈಡಾಗುವ ಕೋವಿಯ ಗುಟ್ಟು ಅನೇಕ ವೇಳೆ ಎಣ್ಣೆಯಲ್ಲಿರುತ್ತದೆ. ನಮ್ಮಲ್ಲಿ ಕೋವಿಗೆ ಕೊಬ್ಬರಿ ಎಣ್ಣೆ ಹಾಕುವ ರೂಢಿ ಉಂಟು. ಈ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಾರ್ಗಶಿರ, ಪುಷ್ಯ ಮಾಸಗಳ ಬೆಳಗಿನಲ್ಲಿ ಸ್ನಾನದ ಮನೆಯ ಬಾಟಲಿಯಲ್ಲಿ ಎಣ್ಣೆ ಗಟ್ಟಿಯಾಗುವುದನ್ನು ನೀವೇ ನೋಡಿದ್ದೀರಿ. ಪಿನ್ನಿನ ತೂತಿನಲ್ಲಿಯೂ ಹಾಗೆಯೇ ಆಗುತ್ತದೆ. ಪಿನ್ನಿನ ವೇಗ ಕುಂದಿ ಪೆಟ್ಟು ತೆಳುವಾಗುತ್ತದೆ. ಬಿಸಿಲೇರಿದ ಮೇಲೆ ಎಣ್ಣೆ ಕರಗಿ ಕೋವಿ ತಾನಾಗಿಯೇ ಸರಿಯಾದಂತೆ ತೋರುತ್ತದೆ. ಬಹಳ ದಿನ ಹಾಗೇ ಬಿಟ್ಟರೆ ಧೂಳು ಸೇರಿ ಅಂಟಾಗುತ್ತದೆ.

ಹಳೆಯ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ತೆಗೆದು, ಪೂರ್ತಿ ಒರೆಸಿ, ಕೋವಿಯ ಎಣ್ಣೆ ಇಲ್ಲವೇ ಹೊಲಿಗೆ ಯಂತ್ರದ ತೆಳು ಎಣ್ಣೆಯನ್ನು ಒಂದು ಹನಿ ಮಾತ್ರ ಸವರಿರಿ. ಎಣ್ಣೆ ಹೆಚ್ಚಾದರೆ ಒಸರಿ ತೋಟಾದ ಕೇಪಿಗೆ ಇಳಿಯುತ್ತದೆ. ಕೇಪಿನ ಮದ್ದಿಗೆ ನೀರಿನಷ್ಟೇ ಎಣ್ಣೆಯೂ ಶತ್ರು.

ಕೇಪಿನ ಕೋವಿ

ಕೇಪಿನ ಕೋವಿಯಲ್ಲಿ ಕಿಡಿ ಒಂದು ಸಣ್ಣ ತೂತಿನ ಮೂಲಕ ಮದ್ದಿಗೆ ಹೋಗಬೇಕು. ಕೇಪು ಸಿಡಿದೂ ಈಡಾಗದಿದ್ದರೆ ಆ ತೂತು ಕಟ್ಟಿದೆ, ಇಲ್ಲವೇ ಮದ್ದು ತೇವವಾಗಿದೆ. ಕೇಪೇ ಸಿಡಿಯದಿದ್ದರೆ ಅದು ಮೊಲೆಯ ಮೇಲೆ ಸರಿಯಾಗಿ ಕೂತಿಲ್ಲವೆಂದೋ, ಕುದುರೆಯ ಸ್ಪ್ರಿಂಗ್ ಸೋತಿದೆ ಎಂದೋ ತಿಳಿಯಬೇಕು. ಮೊದಲ ಪೆಟ್ಟಿಗೆ ಸಿಡಿಯದ ಕೇಪು ಎರಡನೆಯ ಪೆಟ್ಟಿಗೆ ಸಿಡಿದರೆ, ಮೊದಲ ಪೆಟ್ಟು ಕೇಪನ್ನು ಕೂರಿಸುವುದರಲ್ಲೇ ವ್ಯಯವಾಗಿದೆ ಎಂದರ್ಥ.

ಕರಿಮದ್ದು ಉರಿದು ಉಳಿಯುವ ಕಿಟ್ಟ ಗಾಳಿಯ ತೇವವನ್ನು ಹೀರುತ್ತದೆ. ಒಂದೇ ಮಳೆಗಾಲದಲ್ಲಿ ನಳಿಗೆಗೆ ತುಕ್ಕು ಹಿಡಿಸಿ ತೂತನ್ನು ಮುಚ್ಚುತ್ತದೆ. ಎಣ್ಣೆಯೊಂದರಿಂದ ಈ ಕಿಟ್ಟ ಹೋಗುವುದಿಲ್ಲ. ಈಡು ಹೊಡೆದ ದಿನವೇ ಬಿಸಿನೀರು, ಸಾಬೂನಿನಿಂದ ನಳಿಗೆ ತೊಳೆದು, ಒಣಬಟ್ಟೆಯಿಂದ ಒರೆಸಿ, ಆಮೇಲೆ ತೆಳುವಾಗಿ ಎಣ್ಣೆ ಸವರಬೇಕು.

ಗಜದ ಕಡ್ಡಿಯ ಮೇಲೆ ಎರಡು ಗುರುತು ಮಾಡಿಕೊಳ್ಳಿರಿ: ನಳಿಗೆ ಖಾಲಿ ಇದ್ದಾಗ ಎಲ್ಲಿಯವರೆಗೆ ಇಳಿಯುತ್ತದೆ, ಮದ್ದು ತುಂಬಿದಾಗ ಎಲ್ಲಿಯವರೆಗೆ ಎಂದು. ಕೋವಿ ತುಂಬಿದೆಯೋ ಇಲ್ಲವೋ ಎಂಬ ಸಂದೇಹಕ್ಕೆ ಇದೇ ಉತ್ತರ. ಸಿಡಿಯದೆ ಉಳಿದ ಮದ್ದನ್ನು ಗಜದಿಂದ ಕುಟ್ಟಬೇಡಿ. ಕಾದ ಮೇಲೆ ಕೇಪು ಬದಲಿಸಿ ಅದೇ ಸುರಕ್ಷಿತ ದಿಕ್ಕಿಗೆ ಇನ್ನೊಮ್ಮೆ ಪ್ರಯತ್ನಿಸಬಹುದು. ಆಗಲೂ ಈಡಾಗದಿದ್ದರೆ ಮತ್ತೆ ಅಷ್ಟೇ ಹೊತ್ತು ಕಾದು, ಕೇಪು ತೆಗೆದು, ಮೊಲೆಯನ್ನು ಕೀಲಿಯಿಂದ ಬಿಚ್ಚಿ, ಆ ತೂತಿನ ಮೂಲಕ ನೀರು ಬಿಟ್ಟು ಮದ್ದನ್ನು ಪೂರ್ತಿ ನೆನೆಸಿರಿ. ಉಳಿದ ಕೆಲಸ ರಿಪೇರಿಯವರಿಗೆ ಬಿಡಿರಿ.

ಬೋಲ್ಟ್ ರೈಫಲ್ ಇದ್ದವರಿಗೆ

ಕೆಲವು ಎಸ್ಟೇಟುಗಳಲ್ಲಿ 315 ಬೋರಿನ ಬೋಲ್ಟ್ ರೈಫಲ್, 22 ಬೋರಿನ ರೈಫಲ್ ಇರುತ್ತವೆ. ಇವುಗಳಲ್ಲಿ ಪಿನ್ನು, ಸ್ಪ್ರಿಂಗ್ ಎರಡೂ ಬೋಲ್ಟಿನೊಳಗೇ ಇರುವುದರಿಂದ ಜಿಡ್ಡು ಕಣ್ಣಿಗೆ ಕಾಣುವುದಿಲ್ಲ. ಹೊರಗಡೆ ಥಳಥಳಿಸುವ ರೈಫಲ್ಲಿನ ಒಳಗೆ ಹಲವು ವರ್ಷಗಳ ಗ್ರೀಸು ಕೂತಿರಬಹುದು. ಬೋಲ್ಟಿನ ಹಿಡಿಯನ್ನು ಪೂರ್ತಿ ಕೆಳಗೆ ಒತ್ತದಿದ್ದರೂ ಪೆಟ್ಟಿನ ಬಲ ಕುಂದುತ್ತದೆ. 22 ಬೋರಿನಲ್ಲಿ ಪೆಟ್ಟು ತೋಟಾದ ಅಂಚಿಗೆ ಬೀಳುತ್ತದೆ. ನಳಿಗೆಯ ಹಿಂಬಾಯಿಯಲ್ಲಿ ಕಸ ಕೂತು ತೋಟಾ ಪೂರ್ತಿ ಒಳಗೆ ಹೋಗದಿದ್ದರೆ ಮೊದಲ ಪೆಟ್ಟು ವ್ಯರ್ಥ. ಹಿಂಬಾಯಿಯನ್ನು ಸ್ವಚ್ಛವಾಗಿಡಿ. ಬೋಲ್ಟನ್ನು ಬಿಚ್ಚಿ ತೊಳೆಯುವುದನ್ನು ವರ್ಷಕ್ಕೊಮ್ಮೆ ತಿಳಿದವರಿಂದ ಮಾಡಿಸಿರಿ.

ತೋಟಾ ಇಡುವ ಬಗೆ

ತೋಟಾಗಳನ್ನು ಒಲೆಯ ಮೇಲಿನ ಅಟ್ಟದಲ್ಲಿಡುವುದು, ತೇವವಾದಾಗ ಬಿಸಿಲಿಗೋ ಬೆಂಕಿಯ ಬಳಿಗೋ ಇಟ್ಟು ಒಣಗಿಸುವುದು ಎರಡೂ ತಪ್ಪು. ಬಿಗಿಮುಚ್ಚಳದ ಡಬ್ಬಿಯಲ್ಲಿ, ತಂಪಾದ ಒಣಜಾಗದಲ್ಲಿ, ಬೀಗ ಹಾಕಿ, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಕೊಂಡ ವರ್ಷವನ್ನು ಡಬ್ಬಿಯ ಮೇಲೆ ಬರೆದು ಹಳೆಯದನ್ನು ಮೊದಲು ಬಳಸಿರಿ. ಕಾಗದದ ಕೋಶದ ಹಳೆಯ ತೋಟಾಗಳು ತೇವಕ್ಕೆ ಊದಿಕೊಳ್ಳುತ್ತವೆ. ಅಂಥವನ್ನು ಬಲವಂತವಾಗಿ ತುರುಕಬೇಡಿ. ಕೆಟ್ಟ ತೋಟಾವನ್ನು ಒಲೆಗೆ, ಕಸದ ಗುಂಡಿಗೆ ಹಾಕದೆ ಪರವಾನಗಿಯುಳ್ಳ ಅಂಗಡಿಯವರನ್ನೋ ಪೊಲೀಸ್ ಠಾಣೆಯನ್ನೋ ವಿಚಾರಿಸಿ ಒಪ್ಪಿಸಿರಿ.

ಚುನಾವಣೆಯ ಕಾಲದಲ್ಲಿ ಆದೇಶದಂತೆ ಠಾಣೆಯಲ್ಲಿ ಇಟ್ಟ ಕೋವಿ ವಾರಗಟ್ಟಲೆ ಒರೆಸದೆ ಇರುತ್ತದೆ. ಮರಳಿ ತಂದಾಗ ನೇರವಾಗಿ ಗದ್ದೆಗೆ ಒಯ್ಯಬೇಡಿ. ಕುಂಬಾರ ಹುಳ ನಳಿಗೆಯಲ್ಲಿ ಮಣ್ಣಿನ ಗೂಡು ಕಟ್ಟಿರುವುದೂ ಉಂಟು. ಮೊದಲು ನಳಿಗೆ ನೋಡಿ, ಒರೆಸಿ, ಅನಂತರ ಬಳಸಿರಿ.

ಕಾನೂನಿನ ಮಾತು

1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಉಂಟು. ಅದು ಸಾಲದೆಂದು ಅಧಿಕಾರಿಗಳಿಗೆ ಮನವರಿಕೆಯಾದರೆ ಒಳಗೀರಿಲ್ಲದ ಬೇರೆ ಕೋವಿಗೂ ಕೊಡಬಹುದು. 2019ರ ತಿದ್ದುಪಡಿಯಿಂದ ಪರವಾನಗಿಯ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ಆದರೆ ಕೋವಿಯ ಪರವಾನಗಿ ಪ್ರಾಣಿ ಕೊಲ್ಲುವ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಬೆಳೆ ಹಾಳುಮಾಡುವ ಹಂದಿಗೂ ಅಧಿಕಾರಿಗಳ ಲಿಖಿತ ಅನುಮತಿ ಬೇಕು. ಆನೆ, ನವಿಲುಗಳಂತೂ 1ನೇ ಅನುಸೂಚಿಯ ಪ್ರಾಣಿಗಳು.

ಸ್ಪ್ರಿಂಗ್ ಬಗ್ಗಿಸುವುದು, ಪಿನ್ನು ಅರೆಯುವುದು, ಊರ ಕಮ್ಮಾರನಲ್ಲಿ ಬೆಸುಗೆ ಹಾಕಿಸುವುದು ಬೇಡ. ಶುಚಿ ಮಾಡುವುದಷ್ಟು ನಮ್ಮ ಕೆಲಸ, ರಿಪೇರಿ ಪರವಾನಗಿಯುಳ್ಳವರ ಕೆಲಸ. ಈ ಸಲ ಪೈರು ಹಾಲು ತುಂಬುವ ಮೊದಲೇ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು, ಕೋವಿ ಖಾಲಿ ಇದೆಯೆಂದು ಎರಡು ಬಾರಿ ಖಚಿತಪಡಿಸಿಕೊಂಡು, ಹಳೆಯ ಎಣ್ಣೆಯನ್ನೆಲ್ಲ ತೆಗೆದು ಒರೆಸಿಡಿರಿ. ಮನೆಯಲ್ಲಿ ಕೋವಿ ಮುಟ್ಟುವವರಿಗೆಲ್ಲ, ಈಡಾಗದಿದ್ದರೆ ಮೊದಲು ಕಾಯಬೇಕೆಂಬುದನ್ನು ಅಂದೇ ಹೇಳಿಕೊಡಿರಿ.