ವ್ಯಾಪಾರಿಯೂ ಸಂಘಸೇವೆಯೂ

ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನಲ್ಲಿ, ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿಯ ಮೇಲೆ ಆದಿವಾಲ ಎಂಬ ಊರಿದೆ. ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರದ ನೀರು ಹಿರಿಯೂರು ಸೀಮೆಯ ತೋಟಗಳಿಗೆ ಆಸರೆ. ಹೆದ್ದಾರಿಯ ಊರೆಂದರೆ ವ್ಯಾಪಾರ ತಾನಾಗಿಯೇ ಬೆಳೆಯುವುದೆಂದು ಹಲವರು ಭಾವಿಸುತ್ತಾರೆ. ಆದರೆ ಲಾರಿ ಬಸ್ಸುಗಳು ಎಷ್ಟು ಸಾಗಿದರೇನು? ಅವುಗಳಲ್ಲಿ ಕುಳಿತವರು ಇಳಿಯುವುದು ದೊಡ್ಡ ಊರಿನಲ್ಲಿ. ಇಂಥ ಊರಿನ ಸಣ್ಣ ಅಂಗಡಿ ನಿಲ್ಲಬೇಕಾದುದು ಸುತ್ತಣ ಹಳ್ಳಿಗಳ ನಂಬಿಕೆಯ ಮೇಲೆ.

ಫಲಕವು ಅಂಗಡಿಯ ಹೆಸರನ್ನು ಹೇಳೀತು. ಅಂಗಡಿಯವನ ಗುಣವನ್ನು ಹೇಳಲಾರದು. ಆದಿವಾಲದಲ್ಲಿ ಒಬ್ಬ ತರುಣನು ಪಂಪುಸೆಟ್ಟುಗಳನ್ನು ದುರಸ್ತಿ ಮಾಡುವ ಅಂಗಡಿಯನ್ನು ತೆರೆದನೆಂದು ಊಹಿಸೋಣ. ಮೋಟಾರು ಸುಟ್ಟುಹೋದ ರೈತನಿಗೆ ಒಂದೊಂದು ದಿನವೂ ಬೆಳೆಯ ಪ್ರಶ್ನೆ. ಅಪರಿಚಿತನ ಕೈಗೆ ಅದನ್ನು ಕೊಡಲು ಅವನು ಹಿಂಜರಿಯುತ್ತಾನೆ. ಈ ತರುಣನು ಊರಿನ ವರ್ತಕರ ಸಂಘವನ್ನು ಸೇರಿ, ಯಾರಿಗೂ ಬೇಡವಾದ ಕೆಲಸವೊಂದನ್ನು, ಚಂದಾ ಲೆಕ್ಕ ಬರೆಯುವ ಕೆಲಸವನ್ನು, ವಹಿಸಿಕೊಂಡನೆನ್ನಿ. ಅದಕ್ಕೆ ಸಂಬಳವಿಲ್ಲ, ತಿಂಗಳಿಗೆ ಎರಡು ಸಂಜೆಗಳ ವೆಚ್ಚ. ವರ್ಷ ಕಳೆಯುವುದರೊಳಗೆ ತೆಂಗಿನಕಾಯಿ ಮಂಡಿಯವರು, ಗೊಬ್ಬರದಂಗಡಿಯವರು, ಕಿರಾಣಿಯವರು ಎಲ್ಲರೂ ಅವನ ಲೆಕ್ಕದಲ್ಲಿ ಒಂದು ರೂಪಾಯಿಯೂ ತಪ್ಪದಿರುವುದನ್ನು ಕಂಡಿರುತ್ತಾರೆ. “ಮೋಟಾರು ಯಾರ ಹತ್ತಿರ ಕೊಡಲಿ ಅಣ್ಣ?” ಎಂದು ರೈತನು ಗೊಬ್ಬರದಂಗಡಿಯಲ್ಲಿ ಕೇಳಿದರೆ ಯಾರ ಹೆಸರು ಬಂದೀತು? ತಂತಿಯ ಬೆಲೆ ಏರಲಿದೆಯೆಂಬ ಸುದ್ದಿಯೂ ಬ್ಯಾಂಕಿನ ಹೊಸ ಸಾಲದ ನಿಯಮವೂ ಮೊದಲು ಅವನ ಕಿವಿಗೆ ಬೀಳುತ್ತವೆ. ಕೆಲಸ ಹೆಚ್ಚಾದ ಇನ್ನೊಬ್ಬ ಮೆಕ್ಯಾನಿಕ್ಕು ತನ್ನಲ್ಲಿ ಉಳಿದ ಮೋಟಾರುಗಳನ್ನು ಅವನಲ್ಲಿಗೆ ಕಳುಹುತ್ತಾನೆ. ಇಬ್ಬರೂ ಒಂದೇ ಕಸುಬಿನವರಾದರೂ ಸಂಘದಲ್ಲಿ ಜೊತೆಗೆ ಕುಳಿತವರಲ್ಲವೆ!

ಇದೇನೂ ಹೊಸ ವಿದ್ಯೆಯಲ್ಲ. ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರನ್ನು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕರ ಸಂಘವು ನಡುಗಾಲದಲ್ಲಿ ದಕ್ಷಿಣ ಭಾರತದಾದ್ಯಂತ ಪ್ರಸಿದ್ಧವಾಗಿತ್ತು. ಸಮುದ್ರದಾಚೆಯ ಸುಮಾತ್ರಾ ದ್ವೀಪದಲ್ಲಿಯೂ 1088ರ ಶಾಸನವೊಂದರಲ್ಲಿ ಐನೂರ್ವರ ಹೆಸರು ದೊರೆತಿದೆ. ಈ ವರ್ತಕರು ತಾವು ಮಾರುವ ಸರಕಿನ ಮೇಲೆ ತಾವೇ ಇಷ್ಟೆಂದು ಆಯವನ್ನು ಗೊತ್ತುಮಾಡಿಕೊಂಡು ದೇಗುಲಗಳಿಗೆ ಬಿಟ್ಟುದನ್ನು ಶಾಸನಗಳು ಸಾರುತ್ತವೆ. ಅದು ಧರ್ಮಕಾರ್ಯವೆಂಬುದು ನಿಜ. ಆದರೆ ಪರಊರಿನ ಸಂತೆಗೆ ಸರಕು ಹೊತ್ತು ಬಂದವನಿಗೆ ಆ ಶಾಸನದ ಕಲ್ಲೇ ಒಂದು ಪರಿಚಯಪತ್ರವಾಗಿದ್ದಿರಬೇಕೆಂದು ನನಗೆ ತೋರುತ್ತದೆ.

ಆಧುನಿಕ ಕಾಲದಲ್ಲಿ ಈ ಅಗತ್ಯವನ್ನು ಮನಗಂಡವರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಮೈಸೂರಿನ ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ಬ್ಯಾಂಕು ಸ್ಥಾಪನೆಗೊಂಡಿತು; 1916ರಲ್ಲಿ ಅವರ ಪ್ರೇರಣೆಯಿಂದ ಮೈಸೂರು ವಾಣಿಜ್ಯ ಮಂಡಲಿ ಹುಟ್ಟಿತು. ಹಣಕ್ಕೊಂದು ಮನೆ, ವರ್ತಕರ ಮಾತಿಗೊಂದು ಮನೆ! ಆ ಮಂಡಲಿಯೇ ಬೆಳೆದು ಇಂದು ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆಯಾಗಿದೆ.

ಸಂಘವನ್ನು ಸೇರುವವನ ಉದ್ದೇಶ ಲಾಭವೋ ಸೇವೆಯೋ? ಈ ಪ್ರಶ್ನೆಗೆ ಅಮೆರಿಕದ ಒಂದು ಕಥೆ ಬೆಳಕು ಚೆಲ್ಲುತ್ತದೆ. 1905ರಲ್ಲಿ ಷಿಕಾಗೋ ನಗರದ ವಕೀಲ ಪಾಲ್ ಹ್ಯಾರಿಸ್ ಮೂವರು ಸ್ನೇಹಿತರೊಡನೆ ಒಂದು ಕೂಟ ಕಟ್ಟಿದರು. ಒಬ್ಬೊಬ್ಬರ ಕಚೇರಿಯಲ್ಲಿ ಸರದಿಯಂತೆ ಸೇರುತ್ತಿದ್ದುದರಿಂದ ಅದಕ್ಕೆ ರೋಟರಿ ಎಂಬ ಹೆಸರಾಯಿತು. ಸದಸ್ಯರು ಪರಸ್ಪರ ವ್ಯಾಪಾರ ಕೊಡುವುದೇ ಮೊದಮೊದಲು ಅದರ ಮುಖ್ಯ ಗುರಿಗಳಲ್ಲೊಂದು. ಇಷ್ಟಕ್ಕೇ ನಿಂತರೆ ಕೂಟ ಬಾಳದೆಂದು ಕೆಲವರಿಗೆ ಅನ್ನಿಸಿತು. ಕೆಲವೇ ವರ್ಷಗಳಲ್ಲಿ ಅವರು ಪಟ್ಟುಹಿಡಿದು ನಗರದಲ್ಲಿ ಸಾರ್ವಜನಿಕ ಶೌಚಾಲಯವೊಂದನ್ನು ಮಾಡಿಸಿದರು. ಜಗತ್ತಿನ ಹಲವು ದೇಶಗಳಿಗೆ ಹಬ್ಬಿದುದು ಈ ಸೇವೆಯ ರೋಟರಿಯೇ. ಸಭೆಗೆ ಬಂದು ಹೆಸರಿನ ಚೀಟಿ ಹಂಚಿ ಹೋಗುವವನನ್ನು ಜನ ಎರಡನೆಯ ಸಭೆಯಲ್ಲಿಯೇ ಗುರುತಿಸುತ್ತಾರೆ. ಅವನಿಗೆ ಕಾಫಿ ಸಿಕ್ಕೀತು, ಗಿರಾಕಿ ಸಿಗಲಾರ.

ಸಂಘಕ್ಕೆ ಇನ್ನೊಂದು ಮುಖವೂ ಉಂಟು. ಒಂದೇ ಕಸುಬಿನವರು ಕೂಡಿದಾಗ ಮಾತು ಬೆಲೆ ಏರಿಸುವ ಹಂಚಿಕೆಗೆ ತಿರುಗುವುದೆಂದು ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1776ರಷ್ಟು ಹಿಂದೆಯೇ ಎಚ್ಚರಿಸಿದ್ದನು. ಕಾಯಿಯ ದರವನ್ನು ಮಂಡಿಯವರು ಒಳಗೊಳಗೇ ಇಳಿಸಿದರೆ ತೋಟದವನು ಎಲ್ಲಿಗೆ ಹೋಗಬೇಕು? ಅಂಥ ಸಂಘದಲ್ಲಿ ಲೆಕ್ಕ ಬರೆದವನಿಗೂ ಕೆಟ್ಟ ಹೆಸರು ಅಂಟುತ್ತದೆ. ಲೆಕ್ಕದ ಪುಸ್ತಕವನ್ನು ಕೆಳಗಿಟ್ಟು ಎದ್ದುಬರುವ ಧೈರ್ಯವೂ ಆ ತರುಣನಿಗೆ ಬೇಕಾದೀತು.

ಸಂಘವಿಲ್ಲದ ಊರಿನಲ್ಲಿ ಅದನ್ನು ಕಟ್ಟುವುದು ಕಷ್ಟವಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಂತೆ ಹದಿನೆಂಟು ವರ್ಷ ಮೀರಿದ ಏಳು ಮಂದಿ ಸೇರಿದರೆ ಸಾಕು. ಏಳು ಮಂದಿ ಎಲ್ಲ ಊರಿನಲ್ಲಿಯೂ ಸಿಗುತ್ತಾರೆ. ಅಧ್ಯಕ್ಷನಾಗಲು ಒಪ್ಪುವವರೂ ಸಿಗುತ್ತಾರೆ. ಸಭೆ ಮುಗಿದ ಮೇಲೆ ನಡಾವಳಿ ಬರೆದು, ಕುರ್ಚಿಗಳನ್ನು ಎತ್ತಿಟ್ಟು, ದೀಪ ಆರಿಸಿ ಬಾಗಿಲಿಗೆ ಬೀಗ ಹಾಕುವವನನ್ನು ಮಾತ್ರ ಹುಡುಕಬೇಕಾಗುತ್ತದೆ.