ಊರಿಗೋ, ಹೊರಗೋ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆಯ ನಾವು ಶಾಲೆಯಲ್ಲಿ ಡಿಸೆಂಬರ್ 7ರ ಧ್ವಜ ದಿನಕ್ಕೆ ದುಡ್ಡು ಕೂಡಿಸಿದವರೇ. ಅದು ಸೈನಿಕರ ಕುಟುಂಬಗಳಿಗೆ ಅಂತ ಗೊತ್ತಾಗಿದ್ದು ಎಷ್ಟೋ ಆಮೇಲೆ!

ಈ ಸಲ ಕ್ಲಬ್ ಕಲೆಕ್ಷನ್ ನಮ್ಮ ಕಡೆಯ ಸರ್ಕಾರಿ ಶಾಲೆಗೇ ಹೋಗಲಿ ಅಂತೀವಿ. ಅಲ್ಲಿ ಎಸ್‌ಡಿಎಂಸಿ ಇದೆ, ಮಕ್ಕಳ ಅಪ್ಪ ಅಮ್ಮಂದಿರೇ ಸದಸ್ಯರು. ನಲ್ಲಿಗೆ ಅಂತ ಕೊಟ್ಟರೆ ರಜೆಗೆ ಹೋದಾಗ ತಿರುಗಿಸಿ ನೋಡಬಹುದು.

ಆದ್ರೆ ಪಿರಿಯಾಪಟ್ಟಣದ ಗೆಳೆಯ ಬೈಲಕುಪ್ಪೆ ನೆನಪಿಸಿದ. 1960ರ ದಶಕದಲ್ಲಿ ಟಿಬೆಟಿನವರಿಗೆ ಜಾಗ ಕೊಟ್ಟಿದ್ದು ಮೈಸೂರು ರಾಜ್ಯ, ಜೊತೆಗೆ ಹೊರದೇಶದ ನೆರವೂ ಬಂತು. ಅವರೆಲ್ಲ ‘ನಮ್ಮೂರು ಮೊದಲು’ ಅಂದಿದ್ರೆ? ಉತ್ತರ ಹೊಳೀಲಿಲ್ಲ.

ಕೊನೆಗೆ ಒಪ್ಪಿದ್ದಿಷ್ಟು: ಮಾಮೂಲಿ ಕಲೆಕ್ಷನ್ ಊರಿನ ಶಾಲೆಗೆ, 2018ರ ಕೊಡಗಿನ ಥರ ಗುಡ್ಡ ಕುಸಿದರೆ ಪೂರ್ತಿ ಅಲ್ಲಿಗೆ. ಯಾರಿಗೆ ಅನ್ನೋದನ್ನ ಡಬ್ಬಿ ಮೇಲೆ ಮೊದಲೇ ಬರೀತೀವಿ.